ಮೊದಲ ರಿವಾಲ್ವರ್ ಮನೆಗೆ ಬಂದಿದೆಯೇ? ಸ್ವಚ್ಛಗೊಳಿಸುವ ಮುನ್ನ ಗುಂಡು ಎಣಿಸಿ, ಆರೈಕೆ ಹೇಗೆ? ಇಲ್ಲಿದೆ ಮಾಹಿತಿ

2024ರ ಅಕ್ಟೋಬರ್ 1ರ ನಸುಕಿನ ಜಾವ. ಕೋಲ್ಕತ್ತಾಗೆ ಹೊರಡುವ ಸಿದ್ಧತೆಯಲ್ಲಿದ್ದ ಬಾಲಿವುಡ್ ನಟ ಗೋವಿಂದ, ಮುಂಬೈನ ತಮ್ಮ ಮನೆಯಲ್ಲಿ ಪರವಾನಗಿ ಹೊಂದಿದ ರಿವಾಲ್ವರನ್ನು ಕಪಾಟಿನಲ್ಲಿ ಇಡಲು ಹೋದಾಗ ಅದು ಕೈಜಾರಿ ಬಿತ್ತು. ಗುಂಡು ಹಾರಿ ಅವರ ಕಾಲಿಗೇ ಹೊಕ್ಕಿತು. ಅವರ ಮ್ಯಾನೇಜರ್ ಅಂದು ಮಾಧ್ಯಮಗಳಿಗೆ ನೀಡಿದ ವಿವರಣೆ ಇದು. ಶಸ್ತ್ರಚಿಕಿತ್ಸೆ ಮಾಡಿ ಗುಂಡು ತೆಗೆಯಲಾಯಿತು, ಕೆಲವೇ ದಿನಗಳಲ್ಲಿ ಅವರು ಮನೆಗೆ ಮರಳಿದರು.

ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ. 'ಬಂದೂಕು ಸ್ವಚ್ಛಗೊಳಿಸುವಾಗ ಗುಂಡು ಹಾರಿ ಸಾವು' ಎಂಬ ಸುದ್ದಿ ಓದುಗರಿಗೆ ಹೊಸದಲ್ಲ. ಆದರೆ ಸ್ವಚ್ಛಗೊಳಿಸದೆ ಬಿಡುವಂತೆಯೂ ಇಲ್ಲ. ಮಳೆ, ಸೆಕೆ, ಉಪ್ಪುಗಾಳಿಯ ನಮ್ಮ ಹವೆಯಲ್ಲಿ ಕಬ್ಬಿಣ ಬಹುಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ರಿವಾಲ್ವರ್ ಬೇಕಾದಾಗ ಕೆಲಸ ಮಾಡುವುದಿಲ್ಲ, ಬೇಡವಾದಾಗ ಅಪಾಯ ತರಬಹುದು. ಹಾಗಾದರೆ ಮೊದಲ ಬಾರಿಗೆ ಪರವಾನಗಿ ಪಡೆದು ರಿವಾಲ್ವರ್ ಕೊಂಡವರು ಅದರ ಆರೈಕೆ ಹೇಗೆ ಮಾಡಬೇಕು? ಎಲ್ಲಿ ಎಚ್ಚರ ವಹಿಸಬೇಕು?

'ಮಿಸ್‌ಫೈರ್' ಅಂದರೆ ನಿಜಕ್ಕೂ ಏನು?

ಆಕಸ್ಮಿಕವಾಗಿ ಗುಂಡು ಹಾರಿದರೆ 'ಗನ್ ಮಿಸ್‌ಫೈರ್ ಆಯಿತು' ಎಂದು ಹೇಳುವುದು ರೂಢಿಯಾಗಿಬಿಟ್ಟಿದೆ. ಆದರೆ ಬಂದೂಕಿನ ಭಾಷೆಯಲ್ಲಿ ಮಿಸ್‌ಫೈರ್ ಎಂದರೆ ಇದಕ್ಕೆ ತದ್ವಿರುದ್ಧ. ಟ್ರಿಗರ್ ಎಳೆದರೂ ಗುಂಡು ಹಾರದಿರುವುದೇ ಮಿಸ್‌ಫೈರ್. ಬೇಡದಾಗ ಗುಂಡು ಹಾರಿದರೆ ಅದು ಆಕಸ್ಮಿಕ ಅಥವಾ ನಿರ್ಲಕ್ಷ್ಯದ ಹಾರಾಟ.

ಇದು ಬರೀ ಪದದ ವ್ಯತ್ಯಾಸವಲ್ಲ. 'ಮಿಸ್‌ಫೈರ್' ಎಂದ ಕೂಡಲೇ ತಪ್ಪೆಲ್ಲ ಯಂತ್ರದ್ದು ಎಂಬ ಭಾವನೆ ಬರುತ್ತದೆ. ಸ್ವಚ್ಛಗೊಳಿಸುವಾಗ ಗುಂಡು ಹಾರಬೇಕಾದರೆ ಒಳಗೆ ಗುಂಡು ಇರಲೇಬೇಕು. ಅದನ್ನು ಮೊದಲೇ ತೆಗೆದಿದ್ದರೆ ಕೈಜಾರಿದರೂ, ಟ್ರಿಗರ್ ತಾಗಿದರೂ ಏನೂ ಆಗುತ್ತಿರಲಿಲ್ಲ.

ಕೈಜಾರಿ ಬಿದ್ದರೆ ಗುಂಡು ಹಾರುವುದು ಹೇಗೆ?

ರಿವಾಲ್ವರ್‌ನ ಹಿಂಭಾಗದಲ್ಲಿರುವ ಹ್ಯಾಮರ್ ಎಂಬ ಪುಟ್ಟ ಸುತ್ತಿಗೆ ಬಡಿದಾಗ, ಕಾಟ್ರಿಜ್‌ನ ಹಿಂಬದಿಯಲ್ಲಿರುವ ಪ್ರೈಮರ್ ಕಿಡಿಯಾಗಿ ಮದ್ದು ಹೊತ್ತಿಕೊಳ್ಳುತ್ತದೆ. ಹಳೆಯ ವಿನ್ಯಾಸದ ಹಲವು ರಿವಾಲ್ವರ್‌ಗಳಲ್ಲಿ ಹ್ಯಾಮರ್ ಕೆಳಗಿಳಿದಾಗ ಅದರ ಮೊನೆ ಪ್ರೈಮರ್‌ಗೆ ತಾಗಿಕೊಂಡೇ ಇರುತ್ತದೆ. ಅಂಥದ್ದು ಹ್ಯಾಮರ್ ಅಡಿಯಾಗಿ ನೆಲಕ್ಕೆ ಬಿದ್ದರೆ ಆ ಪೆಟ್ಟೇ ಸಾಕು. ಟ್ರಿಗರ್ ಎಳೆಯಬೇಕಾಗಿಯೇ ಇಲ್ಲ.

1944ರಲ್ಲಿ ಅಮೆರಿಕದ ನೌಕಾಪಡೆಯ ಹಡಗೊಂದರಲ್ಲಿ ಗುಂಡು ತುಂಬಿದ್ದ ರಿವಾಲ್ವರ್ ಉಕ್ಕಿನ ಡೆಕ್ ಮೇಲೆ ಬಿದ್ದು ಗುಂಡು ಹಾರಿ ನಾವಿಕನೊಬ್ಬ ಮೃತಪಟ್ಟಿದ್ದ. ಅದಾದ ಮೇಲೆ ತಯಾರಕ ಕಂಪನಿ ಸ್ಮಿತ್ ಆ್ಯಂಡ್ ವೆಸನ್, ಹ್ಯಾಮರ್‌ಗೆ ಅಡ್ಡಲಾಗಿ ನಿಲ್ಲುವ ತಡೆಪಟ್ಟಿಯ ವಿನ್ಯಾಸವನ್ನೇ ಬದಲಿಸಿತು. ಈಗಿನ ಹೆಚ್ಚಿನ ರಿವಾಲ್ವರ್‌ಗಳಲ್ಲಿ ಇಂಥ ಯಾವುದಾದರೊಂದು ತಡೆ ಇರುತ್ತದೆ. ಆದರೆ ಅಪ್ಪ ಅಥವಾ ತಾತನ ಕಾಲದಿಂದ ಬಂದ ರಿವಾಲ್ವರ್‌ನಲ್ಲಿ ಅದು ಇದೆಯೇ, ಇದ್ದರೂ ಸರಿಯಾಗಿದೆಯೇ ಎಂಬುದನ್ನು ಪರವಾನಗಿ ಇರುವ ದುರಸ್ತಿಗಾರರೇ ನೋಡಿ ಹೇಳಬೇಕು.

ಕೊಡಗಿನ ಹಬ್ಬ ಹೇಳುವ ಪಾಠ

ಆಯುಧದ ಆರೈಕೆಯನ್ನು ಹಬ್ಬವಾಗಿಯೇ ಆಚರಿಸುವ ಜಿಲ್ಲೆ ಕರ್ನಾಟಕದಲ್ಲಿದೆ. ಕೊಡಗಿನಲ್ಲಿ ಮುಂಗಾರಿನ ನಾಟಿ ಕೆಲಸ ಮುಗಿದು ಸೆಪ್ಟೆಂಬರ್ ಮೊದಲ ವಾರ ಬರುವಾಗ ಕೈಲ್‌ಪೊಳ್ದ್ ಹಬ್ಬ. ಗದ್ದೆ ಕೆಲಸದ ದಿನಗಳಲ್ಲಿ ಒಳಗಿಟ್ಟಿದ್ದ ಕೋವಿ, ಕತ್ತಿಗಳನ್ನು ಹೊರತೆಗೆದು, ಶುಚಿಗೊಳಿಸಿ, ತೋಕ್ ಪೂ ಎಂಬ ಕೆಂಪು-ಹಳದಿ ಹೂವಿಟ್ಟು ಪೂಜಿಸುತ್ತಾರೆ.

ಹಬ್ಬದ ಸಮಯವನ್ನು ಗಮನಿಸಿ. ಕೊಡಗಿನ ಮಳೆಗಾಲದಲ್ಲಿ ಗೋಡೆಗೂ ಪಾಚಿ ಕಟ್ಟುತ್ತದೆ. ಆ ತೇವದಲ್ಲಿ ತಿಂಗಳುಗಟ್ಟಲೆ ಕುಳಿತ ಕೋವಿಯನ್ನು ಬೇಟೆಯ ದಿನಗಳು ಶುರುವಾಗುವ ಮುನ್ನ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚುವುದು ಹಿಂದೆ ಅನಿವಾರ್ಯವೇ ಆಗಿತ್ತು. ಬೇಟೆ ನಿಂತು ದಶಕಗಳಾದರೂ ಶುಚಿಗೊಳಿಸುವ ರೂಢಿ ಉಳಿದಿದೆ.

ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಸಿಕ್ಕಿದ್ದು ಬ್ರಿಟಿಷರ ಕಾಲದಲ್ಲಿ, 1861ರಲ್ಲಿ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರ ಅಕ್ಟೋಬರ್ ಅಂತ್ಯದವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ವಿನಾಯಿತಿಯನ್ನು ಎತ್ತಿಹಿಡಿಯಿತು. ಉಳಿದವರಿಗೆ ಪರವಾನಗಿ ಕಡ್ಡಾಯ. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಬೆಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಕಮಿಷನರ್ ಅದನ್ನು ನೀಡುತ್ತಾರೆ. 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ.

ಕೈಯಲ್ಲಿರುವುದು ಯಾವ ಬಗೆ?

ನಮ್ಮಲ್ಲಿ ನಾಗರಿಕರು ಹೆಚ್ಚಾಗಿ ಕೊಳ್ಳುವುದು ಪಾಯಿಂಟ್ 32 ಬೋರ್‌ನ, ಆರು ಗುಂಡಿನ ರಿವಾಲ್ವರ್. ಕಾನ್ಪುರದ ಸರ್ಕಾರಿ ಕಾರ್ಖಾನೆಗಳು ಇದನ್ನು ಬಹುಕಾಲದಿಂದ ತಯಾರಿಸುತ್ತಿವೆ. 2014ರಲ್ಲಿ ಬಂದ, ಸುಮಾರು 500 ಗ್ರಾಂ ತೂಕದ 'ನಿರ್ಭೀಕ್' ಹಾಗೂ 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 'ಪ್ರಬಲ್' ಕೂಡ ಅಲ್ಲಿಯವೇ.

ತೆರೆಯುವ ರೀತಿಯಲ್ಲಿ ಎರಡು ಬಗೆ ಇವೆ. ಒಂದು, ನಡುವೆ ಮಡಚಿಕೊಂಡು ನಳಿಕೆ ಮುಂದಕ್ಕೆ ಬಾಗುವ ಹಳೆಯ ಮಾದರಿ. ಇನ್ನೊಂದು, ಸಿಲಿಂಡರ್ ಮಾತ್ರ ಪಕ್ಕಕ್ಕೆ ಹೊರಬರುವ ಮಾದರಿ. ಪ್ರಬಲ್ ಈ ಬಗೆಯದು. ನಿಮ್ಮದು ಯಾವುದು, ಹೇಗೆ ತೆರೆಯುತ್ತದೆ ಎಂಬುದನ್ನು ಕೊಳ್ಳುವಾಗಲೇ ಅಂಗಡಿಯವರಿಂದ ಮಾಡಿಸಿ ನೋಡಿಕೊಳ್ಳಿ. ಜತೆಗೆ ಬರುವ ಕೈಪಿಡಿಯನ್ನು ಬಿಸಾಡಬೇಡಿ.

ಮೊದಲ ಕೆಲಸ: ಖಾಲಿ ಮಾಡುವುದು

ಬ್ರಷ್, ಎಣ್ಣೆ ಮುಟ್ಟುವ ಮುನ್ನ ಮಾಡಬೇಕಾದ ಕೆಲಸ ಇದು.

ಟ್ರಿಗರ್‌ನಿಂದ ಬೆರಳು ಹೊರಗಿರಲಿ. ನಳಿಕೆಯ ಬಾಯಿ ಯಾರೂ ಇಲ್ಲದ ಕಡೆಗಿರಲಿ. ಪಕ್ಕದ ಕೋಣೆಯಲ್ಲಿ ಜನರಿದ್ದರೆ ನಡುವಿನ ತೆಳು ಗೋಡೆಯನ್ನು ನಂಬಬೇಡಿ. ಸಿಲಿಂಡರ್ ತೆರೆದು, ನಳಿಕೆಯ ಬಾಯಿ ಮೇಲ್ಮುಖವಾಗಿ ಇರುವಂತೆ ಹಿಡಿದು, ಗುಂಡುಗಳನ್ನು ಹೊರತಳ್ಳಿ.

ನಂತರ ಎಣಿಸಿ. ಆರು ತುಂಬಿದ್ದರೆ ಆರೂ ಹೊರಗೆ ಬಂದಿರಬೇಕು. ಕೊಳೆ ಕಟ್ಟಿದ ಚೇಂಬರ್‌ನಲ್ಲಿ ಒಂದು ಗುಂಡು ಅಂಟಿಕೊಂಡು ಉಳಿದುಬಿಡಬಹುದು. ಮಡಚುವ ಮಾದರಿಯಲ್ಲಿ ಇನ್ನೊಂದು ತೊಂದರೆ ಇದೆ. ಗುಂಡುಗಳನ್ನು ಎತ್ತಿ ಹೊರಹಾಕುವ ನಕ್ಷತ್ರಾಕಾರದ ಬಿಲ್ಲೆಯ ಅಡಿಗೆ ಕಾಟ್ರಿಜ್‌ನ ಅಂಚು ಜಾರಿ, ಅದು ಮತ್ತೆ ಒಳಗೇ ಕುಳಿತುಬಿಡಬಹುದು. ನಾಲ್ಕೈದು ಉದುರಿದ ಸದ್ದು ಕೇಳಿ 'ಖಾಲಿಯಾಯಿತು' ಎಂದುಕೊಂಡರೆ ಮೋಸಹೋದಂತೆಯೇ.

ಆದ್ದರಿಂದ ಆರೂ ಚೇಂಬರ್‌ಗಳ ಮೂಲಕ ಬೆಳಕು ಕಾಣುತ್ತಿದೆಯೇ ನೋಡಿ. ಒಂದೊಂದಕ್ಕೂ ಕಿರುಬೆರಳ ತುದಿ ತಾಗಿಸಿ ಖಚಿತಪಡಿಸಿಕೊಳ್ಳಿ. ಹೊರತೆಗೆದ ಗುಂಡುಗಳನ್ನು ಅದೇ ಮೇಜಿನ ಮೇಲೆ ಇಡಬೇಡಿ. ಡಬ್ಬಿಗೆ ಹಾಕಿ ಬೇರೆ ಕೋಣೆಯಲ್ಲಿಟ್ಟು ಬನ್ನಿ. ನಡುವೆ ಫೋನ್ ಬಂತು, ಬಾಗಿಲು ಬಡಿದರು ಎಂದು ಎದ್ದುಹೋದರೆ, ಮರಳಿ ಬಂದ ಮೇಲೆ ಮೊದಲಿನಿಂದ ಎಣಿಸಿ.

ಏನೇನು ಬೇಕು?

ಪಟ್ಟಿ ದೊಡ್ಡದಲ್ಲ. ನಿಮ್ಮ ಬೋರ್‌ಗೆ ಹೊಂದುವ ಕ್ಲೀನಿಂಗ್ ರಾಡ್, ಕಂಚಿನ ಎಳೆಯ ಬ್ರಷ್, ಹಳೆಯ ಬಿಳಿ ಹತ್ತಿ ಬಟ್ಟೆಯ ಸಣ್ಣ ತುಂಡುಗಳು, ಹಳೆಯ ಹಲ್ಲುಜ್ಜುವ ಬ್ರಷ್, ಮದ್ದಿನ ಮಸಿ ಕರಗಿಸುವ ಬೋರ್ ಸಾಲ್ವೆಂಟ್, ತೆಳುವಾದ ಗನ್ ಆಯಿಲ್. ಇವು ಪರವಾನಗಿ ಹೊಂದಿದ ಬಂದೂಕು ಅಂಗಡಿಗಳಲ್ಲಿ ಸಿಗುತ್ತವೆ.

ಕಿಟಕಿ ತೆರೆದಿರಲಿ. ಹಳೆಯ ಪತ್ರಿಕೆ ಹಾಸಿಕೊಳ್ಳಿ. ನಳಿಕೆಯ ಮಸಿಯಲ್ಲಿ ಸೀಸದ ಅಂಶ ಇರುತ್ತದೆ. ಕೆಲಸದ ನಡುವೆ ಕಾಫಿ, ತಿಂಡಿ ಬೇಡ. ಮುಗಿದ ಮೇಲೆ ಕೈಗಳನ್ನು ಸೋಪಿನಿಂದ ತೊಳೆಯಿರಿ. ಬಳಸಿದ ಬಟ್ಟೆ ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ. ಊಟದ ಮೇಜಿನ ಮೇಲಂತೂ ಈ ಕೆಲಸ ಬೇಡವೇ ಬೇಡ.

ಸ್ವಚ್ಛಗೊಳಿಸುವ ಕ್ರಮ

ನಳಿಕೆ: ಸಾಲ್ವೆಂಟ್‌ನಲ್ಲಿ ಅದ್ದಿದ ಬಟ್ಟೆ ತುಂಡನ್ನು ನಳಿಕೆಯೊಳಗೆ ಹಾಯಿಸಿ, ಕೆಲವು ನಿಮಿಷ ಬಿಡಿ. ನಂತರ ಕಂಚಿನ ಬ್ರಷ್ ಅನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ಹಾಯಿಸಿ. ಅರ್ಧದಲ್ಲಿ ಹಿಂದಕ್ಕೆ ಎಳೆದರೆ ಎಳೆಗಳು ಮುರಿಯುತ್ತವೆ, ಬ್ರಷ್ ಸಿಕ್ಕಿಕೊಳ್ಳುತ್ತದೆ. ಮಡಚುವ ಮಾದರಿಯಲ್ಲಿ ಹಿಂಬದಿಯಿಂದಲೇ ರಾಡ್ ಹಾಕಬಹುದು. ಇನ್ನೊಂದು ಮಾದರಿಯಲ್ಲಿ ಬಾಯಿಯ ಕಡೆಯಿಂದಲೇ ಹಾಕಬೇಕಾಗುತ್ತದೆ. ಆಗ ರಾಡ್ ನಳಿಕೆಯ ಬಾಯಿಯ ಅಂಚಿಗೆ ಉಜ್ಜದಂತೆ ನೋಡಿಕೊಳ್ಳಿ. ಆ ಅಂಚು ಸವೆದರೆ ಗುರಿ ತಪ್ಪುತ್ತದೆ. ಒಣ ಬಟ್ಟೆ ಹಾಯಿಸಿದಾಗ ಮಸಿ ಬಾರದಂತಾಗುವವರೆಗೆ ಮುಂದುವರಿಸಿ.

ಚೇಂಬರ್‌ಗಳು: ಆರನ್ನೂ ಒಂದೊಂದಾಗಿ ಇದೇ ರೀತಿ ಉಜ್ಜಿ. ಒಂದನ್ನು ಬಿಟ್ಟರೂ ಮುಂದೆ ಗುಂಡು ಅಂಟಿಕೊಳ್ಳುವುದು ಅಲ್ಲಿಯೇ.

ನಕ್ಷತ್ರದ ಅಡಿ: ಹೊಸಬರು ಹೆಚ್ಚಾಗಿ ಮರೆಯುವ ಜಾಗ ಇದು. ಗುಂಡು ಹೊರತಳ್ಳುವ ಬಿಲ್ಲೆಯನ್ನು ಮೇಲೆತ್ತಿ ಅದರ ಅಡಿಯನ್ನು ಹಲ್ಲುಜ್ಜುವ ಬ್ರಷ್‌ನಿಂದ ಒಣದಾಗಿಯೇ ಉಜ್ಜಿ. ಸುಡದ ಮದ್ದಿನ ಒಂದು ಕಣ ಅಲ್ಲಿ ಉಳಿದರೂ ಬಿಲ್ಲೆ ಸರಿಯಾಗಿ ಕೂರುವುದಿಲ್ಲ, ಸಿಲಿಂಡರ್ ತಿರುಗಲು ಬಿಗಿಯಾಗುತ್ತದೆ.

ಸಿಲಿಂಡರ್ ಮತ್ತು ನಳಿಕೆಯ ನಡುವಿನ ಸಂದು: ಗುಂಡು ಹಾರಿದಾಗ ಬಿಸಿ ಅನಿಲ ಚಿಮ್ಮುವುದು ಇಲ್ಲಿಂದ. ನಳಿಕೆಯ ಹಿಂಬದಿಯ ಅಂಚು, ಸಿಲಿಂಡರ್‌ನ ಮುಖ, ಮೇಲಿನ ಪಟ್ಟಿಯ ಒಳಮೈಯಲ್ಲಿ ಕಪ್ಪು ಕಟ್ಟಿರುತ್ತದೆ. ಸಾಲ್ವೆಂಟ್ ಹಚ್ಚಿ, ಬಿಟ್ಟು, ಬ್ರಷ್‌ನಿಂದ ತೆಗೆಯಿರಿ. ಸ್ವಲ್ಪ ಕಲೆ ಉಳಿದರೂ ಚಿಂತೆಯಿಲ್ಲ. ಮರಳುಕಾಗದ, ಉಕ್ಕಿನ ನಾರು ಮಾತ್ರ ಮುಟ್ಟಿಸಬೇಡಿ. ತುಕ್ಕಿನಿಂದ ಕಾಪಾಡುವ ನೀಲಿಗಪ್ಪು ಲೇಪವೇ ಕಿತ್ತುಹೋಗುತ್ತದೆ.

ಎಣ್ಣೆ ಎಷ್ಟು? ಎಲ್ಲಿ?

ಹೆಚ್ಚು ಹಚ್ಚಿದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ಒಂದೆರಡು ಹನಿಯನ್ನು ಬಟ್ಟೆಗೆ ಹಾಕಿ ಹೊರಮೈಗೆ ಒರೆಸಿದರೆ ಸಾಕು. ಸಿಲಿಂಡರ್ ತಿರುಗುವ ಅಚ್ಚಿಗೆ, ಮಡಚುವ ಕೀಲಿಗೆ ಒಂದೊಂದು ಹನಿ. ನಳಿಕೆಯ ಒಳಗೆ ತೆಳುವಾದ ಪೊರೆ ಇರಲಿ; ಗುಂಡು ಹಾರಿಸುವ ಮುನ್ನ ಅದನ್ನು ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಗುಂಡು ತುಂಬುವಾಗ ಚೇಂಬರ್‌ಗಳು ಒಣಗಿರಬೇಕು. ಅಲ್ಲಿನ ಎಣ್ಣೆ ಪ್ರೈಮರ್‌ಗೆ ಇಳಿದರೆ ಕಾಟ್ರಿಜ್ ಕೆಡುತ್ತದೆ. ಆಗ ಆಗುವುದೇ ನಿಜವಾದ ಮಿಸ್‌ಫೈರ್. ಶೂಟಿಂಗ್ ರೇಂಜ್‌ನಲ್ಲಿ ಹೀಗಾದರೆ ತಕ್ಷಣ ತೆರೆಯಬೇಡಿ. ನಳಿಕೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ.

ಅಡುಗೆಮನೆಯ ಕೊಬ್ಬರಿ ಎಣ್ಣೆ ಬೇಡ. ಅದು ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಜಿಡ್ಡಾಗಿ ಧೂಳು ಹಿಡಿಯುತ್ತದೆ. ಸೀಮೆಎಣ್ಣೆ ಕೊಳೆ ತೆಗೆಯಬಹುದು, ಆದರೆ ಆರಿದ ಮೇಲೆ ತುಕ್ಕಿಗೆ ರಕ್ಷಣೆ ಕೊಡುವುದಿಲ್ಲ.

ಎಷ್ಟು ದಿನಕ್ಕೊಮ್ಮೆ?

ಗುಂಡು ಹಾರಿಸಿದ್ದರೆ ಅದೇ ದಿನ. ಬಳಸದೆ ಇಟ್ಟಿದ್ದರೆ ತಿಂಗಳಿಗೊಮ್ಮೆ ತೆರೆದು ನೋಡಿ, ಒರೆಸಿ, ಎಣ್ಣೆ ಹಚ್ಚಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಪಶ್ಚಿಮದಲ್ಲಿ ಮಂಗಳೂರು, ಕಾರವಾರ, ಪೂರ್ವದಲ್ಲಿ ವಿಶಾಖಪಟ್ಟಣ, ಸಿಂಹಾಚಲಂನಂಥ ಕಡಲ ಸೀಮೆಯಲ್ಲಿ ಉಪ್ಪುಗಾಳಿಯ ಕಾರಣ ವರ್ಷವಿಡೀ ಇದೇ ಲೆಕ್ಕ ಒಳ್ಳೆಯದು. ಬರಿಗೈಯಲ್ಲಿ ಮುಟ್ಟಿದ ಮೇಲೆ ಬೆವರಿನ ಗುರುತು ಒರೆಸಿಯೇ ಇಡಿ. ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುವುದುಂಟು.

ಚರ್ಮದ ಹೋಲ್‌ಸ್ಟರ್‌ನಲ್ಲೇ ಇಟ್ಟುಬಿಡುವುದು ಸಾಮಾನ್ಯ ತಪ್ಪು. ಚರ್ಮ ತೇವ ಹೀರುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿರುತ್ತದೆ. ಗುಂಡಿನ ಹಿತ್ತಾಳೆಗೆ ಹಸಿರು ಕಿಲುಬು ಬರುವುದೂ ಹೀಗೆಯೇ. ಒಣ ಬಟ್ಟೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬೀಗವಿರುವ ಪೆಟ್ಟಿಗೆಯಲ್ಲಿಡಿ.

ಸಿನಿಮಾದಲ್ಲಿ ತೋರಿಸುವಂತೆ ಕೈ ಝಾಡಿಸಿ ಸಿಲಿಂಡರ್ ಮುಚ್ಚುವುದನ್ನೂ ಮಾಡಬೇಡಿ. ಅದನ್ನು ಹಿಡಿದಿರುವ ತೋಳು ಬಾಗಿದರೆ ಚೇಂಬರ್ ಮತ್ತು ನಳಿಕೆ ಒಂದೇ ನೇರದಲ್ಲಿ ಕೂರುವುದಿಲ್ಲ.

ಆಯುಧ ಪೂಜೆಯ ದಿನ

ದಸರಾ ಬಂತೆಂದರೆ ವಾಹನ, ಯಂತ್ರಗಳ ಜತೆ ಪರವಾನಗಿ ಪಡೆದ ಆಯುಧಕ್ಕೂ ಪೂಜೆ ಸಲ್ಲಿಸುವ ಮನೆಗಳಿವೆ. ಪೂಜೆಗೆ ಇಡುವ ರಿವಾಲ್ವರ್ ಖಾಲಿಯಾಗಿರಲಿ. ದೀಪ ಬೆಳಗುವ ಹುಣಸೆಹಣ್ಣು, ಬೂದಿಯಿಂದ ಅದನ್ನು ಉಜ್ಜಬೇಡಿ. ಹಿತ್ತಾಳೆಗೆ ಹೊಳಪು ಕೊಡುವ ಹುಣಸೆಯ ಹುಳಿ ಉಕ್ಕಿನ ಲೇಪವನ್ನು ತಿನ್ನುತ್ತದೆ. ಕಲಸಿದ ಅರಿಶಿನ, ಕುಂಕುಮ, ಹಸಿ ಹೂವು, ನಿಂಬೆಹಣ್ಣು ಎಲ್ಲದರಲ್ಲೂ ತೇವ ಇದೆ. ಅರಿಶಿನ ಕುಂಕುಮವನ್ನು ಪೆಟ್ಟಿಗೆಗೆ ಇಟ್ಟರೆ ಒಳ್ಳೆಯದು. ಲೋಹಕ್ಕೆ ಹಚ್ಚಿದರೆ ಅಂದೇ ಒರೆಸಿ ಎಣ್ಣೆ ಹಚ್ಚಿಡಿ. ಪೂಜೆ ಮುಗಿಯುವವರೆಗೂ ಮನೆಯ ಹಿರಿಯರೊಬ್ಬರ ಕಣ್ಣು ಅದರ ಮೇಲಿರಲಿ.

ಹಬ್ಬದ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸುವುದಂತೂ ಅಪರಾಧ. ಸಂಭ್ರಮಾಚರಣೆಯ ಗುಂಡಿನಿಂದ ಇತರರ ಜೀವಕ್ಕೆ ಅಪಾಯ ಒಡ್ಡಿದರೆ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಚುನಾವಣೆ ಮುಗಿದು ಠಾಣೆಯಿಂದ ಮರಳಿದಾಗ

ಚುನಾವಣೆ ಘೋಷಣೆಯಾದರೆ ಪರವಾನಗಿದಾರರು ಆಯುಧವನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಬರುವುದು ವಾಡಿಕೆ. ಕೆಲವೊಮ್ಮೆ ಅದು ವಾರಗಟ್ಟಲೆ ಅಲ್ಲೇ ಇರುತ್ತದೆ. ಕೊಡುವ ಮುನ್ನ ಸ್ವಚ್ಛಗೊಳಿಸಿ ಎಣ್ಣೆ ಹಚ್ಚಿ. ಖಾಲಿ ಮಾಡಿಯೇ ಒಯ್ಯಿರಿ. ಆಯುಧದ ಸಂಖ್ಯೆ ನಮೂದಿಸಿದ ರಸೀದಿ ಪಡೆಯಿರಿ.

ಮರಳಿ ಪಡೆದಾಗ ಮತ್ತೆ ಅದೇ ಕ್ರಮ: ತೆರೆಯಿರಿ, ಆರೂ ಚೇಂಬರ್ ನೋಡಿ. ನಳಿಕೆಯ ಮೂಲಕ ಬೆಳಕು ಕಾಣುತ್ತದೆಯೇ ಪರೀಕ್ಷಿಸಿ. ಬಹುದಿನ ಬಳಸದ ನಳಿಕೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟುವುದು, ಜೇಡ ಬಲೆ ಹೆಣೆಯುವುದು ಇದ್ದದ್ದೇ. ತಡೆ ಇರುವ ನಳಿಕೆಯಲ್ಲಿ ಗುಂಡು ಹಾರಿಸಿದರೆ ನಳಿಕೆ ಉಬ್ಬಬಹುದು, ಸಿಡಿಯಲೂಬಹುದು.

ಸ್ಕ್ರೂ ಬಿಚ್ಚುವ ಮುನ್ನ

ಟ್ರಿಗರ್, ಹ್ಯಾಮರ್‌ನ ಒಳಭಾಗ ಮನೆಯಲ್ಲಿ ಬಿಚ್ಚುವಂಥದ್ದಲ್ಲ. ಶಸ್ತ್ರಾಸ್ತ್ರ ಕಾಯ್ದೆ 1959ರ ಪ್ರಕಾರ ದುರಸ್ತಿ ಮಾಡುವವರಿಗೂ ಪರವಾನಗಿ ಬೇಕು. ಪರಿಚಯದ ಲೇಥ್ ಅಂಗಡಿಯವರಿಗೆ ಕೊಟ್ಟು ಸರಿಮಾಡಿಸುವುದು ಕಾನೂನುಬಾಹಿರ. ದುರಸ್ತಿಗೆ ನೀವೇ ಒಯ್ಯಲು ಆಗದಿದ್ದರೆ, ಬೇರೊಬ್ಬರು ಒಯ್ಯಲು ನಿಮ್ಮ ಲಿಖಿತ ಅನುಮತಿ ಇರಬೇಕು.

ಸಿಲಿಂಡರ್ ಅಲುಗಾಡುತ್ತಿದ್ದರೆ, ಹ್ಯಾಮರ್ ಹಿಂದಕ್ಕೆ ನಿಲ್ಲದಿದ್ದರೆ, ಮಡಚುವ ಕೊಂಡಿ ಸಡಿಲವಾಗಿದ್ದರೆ ಗುಂಡು ತುಂಬಬೇಡಿ. ಮೊದಲು ದುರಸ್ತಿಯಾಗಲಿ.

ಬೀಗ ಯಾರಿಗಾಗಿ?

2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಅಲ್ಲಿದ್ದ ಬಂದೂಕು 15 ವರ್ಷದ ಬಾಲಕನ ಕೈಗೆ ಸಿಕ್ಕಿ, ಗುಂಡು ಹಾರಿ, ಪುಟ್ಟ ಮಗುವೊಂದು ಪ್ರಾಣ ಕಳೆದುಕೊಂಡಿತು. ಆಯುಧ ಕೈಗೆಟುಕುವಂತಿದ್ದು, ಒಳಗೆ ಗುಂಡೂ ಇದ್ದರೆ ಆಗುವ ಅನಾಹುತ ಇದು.

ರಿವಾಲ್ವರ್ ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ ಇರಲಿ. ಬೀಗದ ಕೈ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಬೇಡ. ದಿಂಬಿನಡಿ, ಬೀರುವಿನ ತಲೆಯ ಮೇಲೆ, ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಇಡುವುದು ಬೇಡ. ಸ್ವಚ್ಛಗೊಳಿಸುವಾಗ ಮಕ್ಕಳು ಸುತ್ತ ನಿಂತು ನೋಡುವುದೂ ಬೇಡ. ಆಯುಧ ಅಥವಾ ಗುಂಡು ಕಳೆದುಹೋದರೆ ತಡಮಾಡದೆ ಠಾಣೆಗೆ ತಿಳಿಸಿ.

ಕೆಲಸ ಮುಗಿಸಿ ಪೆಟ್ಟಿಗೆಗೆ ಬೀಗ ಹಾಕುವ ಮುನ್ನ ಇನ್ನೊಮ್ಮೆ ಸಿಲಿಂಡರ್ ತೆರೆದು ನೋಡಿ: ಆರೂ ಚೇಂಬರ್ ಖಾಲಿ ಇರಬೇಕು. ಪಕ್ಕದ ಕೋಣೆಯ ಡಬ್ಬಿಯಲ್ಲಿ ಆರು ಗುಂಡು ಇರಬೇಕು. ಐದೇ ಇದ್ದರೆ, ಆರನೆಯದು ಸಿಗುವವರೆಗೆ ಬೇರೆ ಯಾವ ಕೆಲಸಕ್ಕೂ ಏಳಬೇಡಿ.